ಗುಳೆ ಹೋದವರನ್ನು ಎಲ್ಲಿ ಎಣಿಸುತ್ತೀರಿ? ಜನಗಣತಿ ನಿರ್ದೇಶಕರಿಗೂ ಮುಖ್ಯ ಕಾರ್ಯದರ್ಶಿಗಳಿಗೂ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು, ಜನಗಣತಿ ಕಾರ್ಯಾಚರಣೆ ನಿರ್ದೇಶನಾಲಯ, ಕರ್ನಾಟಕ
ಹಾಗೂ
ಮುಖ್ಯ ಕಾರ್ಯದರ್ಶಿಗಳು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: 2027ರ ಜನಗಣತಿಯಲ್ಲಿ ಗುಳೆ ಕುಟುಂಬಗಳು ಲೆಕ್ಕದಿಂದ ಬಿಟ್ಟುಹೋಗದಂತೆ ನೋಡಿಕೊಳ್ಳುವ ಬಗ್ಗೆ

ಮಾನ್ಯರೇ,

2027ರ ಮಾರ್ಚ್ 1ರ ಮಧ್ಯರಾತ್ರಿ ಸೊನ್ನೆ ಗಂಟೆಗೆ ಈ ದೇಶದಲ್ಲಿ ಎಷ್ಟು ಜನರಿದ್ದರು ಎಂಬುದನ್ನು ಮುಂದಿನ ಜನಗಣತಿ ಹೇಳಲಿದೆ. ಹಿಮ ಬೀಳುವ ಕೆಲವು ಪ್ರದೇಶಗಳಿಗೆ ಮಾತ್ರ ಬೇರೆ ದಿನಾಂಕ: 2026ರ ಅಕ್ಟೋಬರ್ 1. ಹಿಮದ ಊರುಗಳಿಗೆ ಚಳಿಗಾಲದಲ್ಲಿ ಹೋಗುವುದು ಕಷ್ಟವೆಂದು ದಿನಾಂಕವನ್ನೇ ಬದಲಿಸಿದ್ದು ಸರಿಯಾದ ನಿರ್ಧಾರ. ನಮ್ಮ ರಾಜ್ಯದ ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದ ಒಣಬೇಸಾಯದ ಊರುಗಳಲ್ಲಿ ಫೆಬ್ರವರಿ ತಿಂಗಳು ಹೇಗಿರುತ್ತದೆ ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ದೀಪಾವಳಿ ಮುಗಿದ ಮೇಲೆ ಮೊದಲ ತಂಡ ಹೊರಡುತ್ತದೆ. ತೊಗರಿ ಕೊಯ್ದು ರಾಶಿಯಾದ ಮೇಲೆ, ಅಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ, ದೊಡ್ಡ ತಂಡ. ತಾಂಡಾಗಳಲ್ಲಿ ಸಾಲು ಮನೆಗಳಿಗೆ ಬೀಗ ಬೀಳುತ್ತದೆ. ಉಳಿಯುವವರು ಮುದುಕರು, ಶಾಲೆ ಬಿಡಿಸಲು ಮನಸ್ಸು ಬಾರದ ಒಂದೆರಡು ಮಕ್ಕಳು, ಒಂದಿಷ್ಟು ಆಡು. ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುಂಬೈ–ಪುಣೆಗೆ, ಗೋವಾಕ್ಕೆ, ಹೈದರಾಬಾದಿಗೆ, ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೋಗಿರುತ್ತಾರೆ. ಯುಗಾದಿಗೆ ಕೆಲವರು, ಮುಂಗಾರು ಶುರುವಾಗುವ ಹೊತ್ತಿಗೆ ಮಿಕ್ಕವರು ಮರಳುತ್ತಾರೆ. ಮಳೆಯಿಲ್ಲ, ರಸ್ತೆ ಒಣಗಿದೆ, ಓಡಾಟ ಸಲೀಸು ಎಂಬ ಲೆಕ್ಕದಲ್ಲಿ ಎಣಿಕೆಗೆ ಫೆಬ್ರವರಿ ಒಳ್ಳೆಯ ತಿಂಗಳೇ. ಆದರೆ ವರ್ಷದಲ್ಲಿ ಈ ಊರುಗಳು ಅತಿ ಖಾಲಿಯಾಗಿರುವ ದಿನಗಳೂ ಅವೇ.

ದಿನಾಂಕ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಹಿಮದ ಊರುಗಳನ್ನು ಬಿಟ್ಟರೆ ದೇಶಕ್ಕೆಲ್ಲ ಒಂದೇ ದಿನವಿದ್ದರೇನೇ ಲೆಕ್ಕಕ್ಕೆ ಅರ್ಥ. ಕೇಳುತ್ತಿರುವುದು, ಆ ದಿನ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಮಲಗಿರುವವರನ್ನು ಶೆಡ್ಡಿಗೆ ಹೋಗಿ ಎಣಿಸಿ ಎಂದು.

ನಿಯಮದಲ್ಲಿ ದೋಷವಿಲ್ಲ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು, ಮಾರ್ಚ್ 1ರಿಂದ 5ರವರೆಗೆ ಮರುಭೇಟಿ. ಆ ಇಪ್ಪತ್ತು ದಿನಗಳಲ್ಲಿ ಸ್ವಲ್ಪ ದಿನವಾದರೂ ಸ್ವಂತ ವಾಸಸ್ಥಳದಲ್ಲಿದ್ದವರನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಇಡೀ ಅವಧಿ ಊರಲ್ಲಿ ಇಲ್ಲದವರನ್ನು ಊರಿನಲ್ಲಿ ಬರೆಯದೆ, ಅವರು ಸಿಕ್ಕ ಜಾಗದಲ್ಲಿ ಬರೆಯಬೇಕು. ಮನೆಯೇ ಇಲ್ಲದವರನ್ನು ಫೆಬ್ರವರಿ 28ರ ರಾತ್ರಿ ಎಣಿಸಲಾಯಿತು. ಈ ನಿಯಮದ ಪ್ರಕಾರ ಸಂಕ್ರಾಂತಿಗೆ ಹೋಗಿ ಯುಗಾದಿಗೆ ಬರುವ ಕುಟುಂಬದ ಲೆಕ್ಕ ಬೆಂಗಳೂರಿನಲ್ಲೇ ಆಗಬೇಕು. ಕಾಗದದ ಮೇಲೆ ಇಷ್ಟು ಸರಳ.

ನೆಲದ ಮೇಲೆ ಎರಡು ತಪ್ಪು ಆಗುತ್ತವೆ. ಊರಿನಲ್ಲಿ ಗಣತಿದಾರರು ಪಕ್ಕದ ಮನೆಯವರನ್ನು ಕೇಳಿ, ಬೀಗ ಹಾಕಿದ ಮನೆಯ ಆರೂ ಜನರನ್ನು ಬರೆದುಕೊಂಡು ಬಿಡಬಹುದು. ಶೆಡ್ಡಿನಲ್ಲೂ ಅವರ ಎಣಿಕೆಯಾದರೆ ಅದು ಎರಡು ಬಾರಿ. ಇದು ಸಣ್ಣ ತಪ್ಪು. ದೊಡ್ಡದು ಇನ್ನೊಂದು: ಊರಿನಲ್ಲಿ ನಿಯಮದಂತೆ ಬಿಟ್ಟರು, ನಗರದಲ್ಲಿ ಶೆಡ್ಡು ಯಾರ ಪಟ್ಟಿಯಲ್ಲೂ ಇರಲಿಲ್ಲ, ಎರಡೂ ಕಡೆ ಆ ಆರು ಜನ ಇಲ್ಲ. 2011ರ ಎಣಿಕೆಯ ನಂತರ ನಡೆದ ಪರಿಶೀಲನಾ ಸಮೀಕ್ಷೆ ದೇಶದಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು ಎಂದು ಹೇಳಿತು. ಅದೇ ಪ್ರಮಾಣವನ್ನು ಕರ್ನಾಟಕದ ಅಂದಿನ 6.11 ಕೋಟಿಗೆ ಹಚ್ಚಿ ನೋಡಿದರೆ ಹೆಚ್ಚುಕಡಿಮೆ 14 ಲಕ್ಷವಾಗುತ್ತದೆ. ಕೊಡಗು ಜಿಲ್ಲೆಯ ಅಂದಿನ ಜನಸಂಖ್ಯೆ ಐದೂವರೆ ಲಕ್ಷ. ಅಂಥ ಎರಡೂವರೆ ಕೊಡಗು. ಹೀಗೆ ಬಿಟ್ಟುಹೋಗುವವರು ನಾಲ್ಕು ಅಂತಸ್ತಿನ ಮನೆಯವರಂತೂ ಅಲ್ಲ.

ಶೆಡ್ಡು ಪಟ್ಟಿಯಿಂದ ಏಕೆ ತಪ್ಪುತ್ತದೆ ಎಂಬುದು ಸ್ಪಷ್ಟ. ಎಣಿಕೆಯ ಬ್ಲಾಕುಗಳು (ಒಬ್ಬ ಗಣತಿದಾರರಿಗೆ ವಹಿಸುವ ತುಂಡು ಪ್ರದೇಶಗಳು) ಮನೆಪಟ್ಟಿಯ ಆಧಾರದ ಮೇಲೆ ರಚನೆಯಾಗುತ್ತವೆ. ಈ ಸಲ ಮನೆಪಟ್ಟಿಯ ಹಂತಕ್ಕೆ ಇಟ್ಟಿರುವುದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ತಗಡಿನ ಶೆಡ್ಡು ಏಳುವುದು ದೀಪಾವಳಿಯ ನಂತರ. ಏಪ್ರಿಲ್‌ನಲ್ಲಿ ಖಾಲಿ ನಿವೇಶನವಾಗಿದ್ದ ಜಾಗದಲ್ಲಿ ಫೆಬ್ರವರಿಯಲ್ಲಿ ಎಂಬತ್ತು ಗುಡಿಸಲು ನಿಂತಿದ್ದರೆ, ಗಣತಿದಾರರ ಮೊಬೈಲ್ ಆ್ಯಪ್‌ನ ನಕ್ಷೆಯಲ್ಲಿ ಅದು ಖಾಲಿ ನಿವೇಶನವೇ. ಮನೆಯವರೇ ಆನ್‌ಲೈನಿನಲ್ಲಿ ವಿವರ ತುಂಬುವ ಸ್ವಯಂ ಗಣತಿಯ ಸೌಲಭ್ಯ ಇದ್ದೇ ಇದೆಯಲ್ಲ ಎನ್ನಬಹುದು. ಇಡೀ ಗುಂಪಿಗೆ ಕೆಲಸ ಮಾಡುವ ಮೊಬೈಲ್ ಮೇಸ್ತ್ರಿಯ ಕೈಯಲ್ಲಿದ್ದಾಗ ಆ ಸೌಲಭ್ಯ ಯಾರದ್ದು?

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಈ ರಾಜ್ಯದಲ್ಲಿ ಜನಸಂಖ್ಯೆ ಎಂದರೆ ಇನ್ನೂ "ಸ್ಫೋಟ" ಎಂಬ ಪದವೇ ಬಾಯಿಗೆ ಬರುತ್ತದೆ. 1971–81ರಲ್ಲಿ ದಶಕದ ಬೆಳವಣಿಗೆ ಶೇ 26.75 ಇದ್ದಾಗ ಆ ಪದಕ್ಕೆ ಅರ್ಥವಿತ್ತು. 2001–11ಕ್ಕೆ ಅದು ಶೇ 15.6ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರು ಇನ್ನೊಂದನ್ನು ತುಂಬಲು 2.1 ಬೇಕು. ನಾವು ಆ ಗೆರೆಯ ಕೆಳಗಿದ್ದೇವೆ. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು 1930ರಷ್ಟು ಹಿಂದೆಯೇ ಆದೇಶ ಹೊರಡಿಸಿದ ಮೈಸೂರಿನ ಸೀಮೆ ಇದು, ಇಳಿಕೆ ಅಚ್ಚರಿಯಲ್ಲ. (ಆ ಇಳಿಕೆಯ ಭಾರ ಹೊತ್ತವರು ಯಾರು ಎಂಬುದು ಬೇರೆ ಪತ್ರದ ವಿಷಯ. ಅದೇ ಸಮೀಕ್ಷೆಯಲ್ಲಿ ಹೆಣ್ಣುಮಕ್ಕಳ ಸಂತಾನಹರಣ ಶಸ್ತ್ರಚಿಕಿತ್ಸೆ ಶೇ 57, ಗಂಡಸರದ್ದು ಶೂನ್ಯದ ಹತ್ತಿರ.)

ಹಾಗಾದರೆ ಬೆಳೆಯುತ್ತಿರುವುದು ಎಲ್ಲಿ? 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದು 96 ಲಕ್ಷ ಮುಟ್ಟಿತು. ಅದೇ ಹತ್ತು ವರ್ಷದಲ್ಲಿ ಕೊಡಗು ಬೆಳೆದದ್ದು ಶೇ 1ರಷ್ಟು. ಚಿಕ್ಕಮಗಳೂರಿನಲ್ಲಿ ಜನ ಇದ್ದದ್ದಕ್ಕಿಂತ ಕಡಿಮೆಯಾದರು. ಯಾದಗಿರಿ ಸುಮಾರು ಶೇ 23. ಬೆಂಗಳೂರಿನ ಆ 47ರಲ್ಲಿ ಹೆರಿಗೆ ವಾರ್ಡಿನ ಪಾಲು ಸಣ್ಣದು, ಬಸ್ ನಿಲ್ದಾಣದ ಪಾಲು ದೊಡ್ಡದು. ಯಾದಗಿರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಗಾರೆ ಹೊತ್ತು, ಮಳೆಗಾಲಕ್ಕೆ ಮತ್ತೆ ಯಾದಗಿರಿಯಲ್ಲಿ ಬಿತ್ತುವ ಜನ ಈ ಎರಡು ಅಂಕಿಗಳ ನಡುವೆ ಓಡಾಡುತ್ತಿದ್ದಾರೆ. ಇವತ್ತಿನ ಕರ್ನಾಟಕದ ಜನಸಂಖ್ಯೆಯ ಪ್ರಶ್ನೆ ಹೆರುವವರದ್ದಲ್ಲ, ಚಲಿಸುವವರದ್ದು. ಚಲಿಸುವವರನ್ನೇ ಹಿಡಿಯಲಾಗದ ಎಣಿಕೆಯಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಒಂದು ತಪ್ಪಿದ ತಲೆ ಏನೇನು ಕೆಡಿಸುತ್ತದೆ ಎಂಬುದಕ್ಕೆ ಮೊದಲು ನೀರಿನ ಲೆಕ್ಕ ನೋಡಿ. ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಕುಡಿಯುವ ನೀರನ್ನು ಅಳೆದಾಗ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ, ಅದರಲ್ಲೂ ಅರ್ಧ ನೀರು ನೆಲದಡಿಯಿಂದ ಸಿಗುತ್ತದೆ ಎಂದು ಹಿಡಿದಿತ್ತು. ಅಂದರೆ ಉಳಿದ ಎರಡು ಭಾಗದ ಜನ ಆ ಲೆಕ್ಕದಲ್ಲಿ ಬಾಯಾರಿಕೆಯೇ ಇಲ್ಲದವರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಲೆಕ್ಕವನ್ನು ತಿದ್ದಿ ನಗರಕ್ಕೆಂದು 4.75 ಟಿಎಂಸಿ ಸೇರಿಸಿತು. ದಿನಕ್ಕೆ ಹಂಚಿದರೆ ಸುಮಾರು 37 ಕೋಟಿ ಲೀಟರ್. ತಲೆ ಎಣಿಸುವ ರೀತಿ ಬದಲಾದರೆ ನದಿಯ ಪಾಲೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು: ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ, 50 ಲಕ್ಷ ಜನರಿಗೆ ಎಂದು. ಭಾಗಿಸಿದರೆ ತಲೆಗೆ 155 ಲೀಟರ್. ಒಳಚರಂಡಿಯಿರುವ ನಗರಕ್ಕೆ ಕೇಂದ್ರದ ಮಾನದಂಡವೇ 135, ಚೆನ್ನಾಗಿಯೇ ಇದೆ. ಈಗ 50ರ ಜಾಗದಲ್ಲಿ 60 ಲಕ್ಷ ಜನರಿದ್ದಾರೆ ಎಂದಿಟ್ಟುಕೊಳ್ಳಿ: 129ಕ್ಕೆ ಇಳಿಯಿತು. ಕೊಳವೆಯಲ್ಲಿ ನಾಲ್ಕನೇ ಒಂದು ಭಾಗ ಸೋರಿದರೆ 97. ಆ ಕೊರತೆಯನ್ನು ಎಲ್ಲರೂ ಸಮವಾಗಿ ಹಂಚಿಕೊಳ್ಳುವುದಿಲ್ಲ; ಸಂಪು ಇರುವವರು ತುಂಬಿಕೊಳ್ಳುತ್ತಾರೆ, ಶೆಡ್ಡಿನವರಿಗೆ ಡ್ರಮ್ಮಿನ ನೀರು. ಮಿಕ್ಕದ್ದನ್ನು ಕೊಳವೆಬಾವಿ ತುಂಬಿಸಬೇಕು. 2024ರ ಬೇಸಿಗೆಯಲ್ಲಿ ನಗರದ 13,900 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆ ಬೇಸಿಗೆಯ ತಿಂಗಳುಗಳೇ ಗುಳೆಯ ತಿಂಗಳುಗಳೂ ಹೌದು. ನಗರಕ್ಕೆ ಜನ ಅತಿ ಹೆಚ್ಚು ಬರುವುದೂ ನೆಲದಡಿಯ ನೀರು ಅತಿ ಕೆಳಗೆ ಹೋಗುವುದೂ ಒಟ್ಟಿಗೆ. ವರ್ಷದ ಸರಾಸರಿ ಜನಸಂಖ್ಯೆಯ ಮೇಲೆ ನೀರಿನ ಯೋಜನೆ ಮಾಡಿದರೆ ಮಾರ್ಚ್–ಏಪ್ರಿಲ್ ಯಾವಾಗಲೂ ಕೈಕೊಡುತ್ತದೆ.

ಒಳಬಂದ ನೀರಿನಲ್ಲಿ ಶೇ 80 ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಲೆಕ್ಕದಲ್ಲಿಲ್ಲದ ಜನರ ಕೊಳಚೆಗೆ ಸಂಸ್ಕರಣಾ ಘಟಕದಲ್ಲೂ ಜಾಗವಿರುವುದಿಲ್ಲ. ಅದು ಗುಂಡಿಯಲ್ಲಿ ಇಂಗುತ್ತದೆ, ಅಥವಾ ರಾಜಕಾಲುವೆ ಹಿಡಿದು ಕೆರೆಗೆ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ಎಷ್ಟು ಜನ ಎಂಬ ಲೆಕ್ಕ ತಪ್ಪಿದರೆ ಕೋಲಾರದ ಕೆರೆಯ ನೀರಿನ ಗುಣದ ಲೆಕ್ಕವೂ ತಪ್ಪುತ್ತದೆ.

ಅನ್ನದ ಲೆಕ್ಕವೂ ಹೀಗೆಯೇ. 2013ರ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರದ ಧಾನ್ಯ ಸಿಗುವವರ ಸಂಖ್ಯೆಯನ್ನು ಕರ್ನಾಟಕಕ್ಕೆ ಸುಮಾರು 4.01 ಕೋಟಿ ಎಂದು ನಿಗದಿ ಮಾಡಿದ್ದು 2011ರ ಜನಗಣತಿಯ ಮೇಲೆ. 2021ರಲ್ಲಿ ಎಣಿಕೆ ನಡೆಯದ ಕಾರಣ ಆ ಸಂಖ್ಯೆ ಅಲ್ಲಿಯೇ ನಿಂತಿದೆ. ಆಮೇಲೆ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು ಸೇರಿದ್ದಾರೆ. ಅಂಗನವಾಡಿಗೆ 400ರಿಂದ 800 ಜನ, ಉಪಕೇಂದ್ರಕ್ಕೆ 5,000, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಎಂಬ ಮಾನದಂಡಗಳೂ ಜನಸಂಖ್ಯೆಯ ಮೇಲೆಯೇ ನಿಂತಿವೆ. 500 ಜನರ ಶೆಡ್ಡು ಸಾಲಿಗೆ ಅಂಗನವಾಡಿ ಕೇಳಿದರೆ, "ಅಲ್ಲಿ ಜನವಸತಿ ಎಲ್ಲಿದೆ?" ಎಂಬ ಉತ್ತರ ಬಂದರೆ ಅದರಲ್ಲಿ ಅಧಿಕಾರಿಯ ತಪ್ಪೇನೂ ಇಲ್ಲ. ಕಾಗದದಲ್ಲಿ ಇಲ್ಲ, ಅಷ್ಟೇ.

ಇನ್ನೊಂದು ಮಾತನ್ನು ಹೇಳಲೇಬೇಕು. 1871ರ ಎಣಿಕೆಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. 1881ರಲ್ಲಿ 41.86 ಲಕ್ಷ. ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರದ ಬರ. ಆ ಬರ ಎಷ್ಟು ದೊಡ್ಡದು ಎಂದು ಇವತ್ತು ನಾವು ಹೇಳಬಲ್ಲೆವಾದರೆ, ಅದರ ಎರಡೂ ಬದಿಯಲ್ಲಿ ಒಂದೊಂದು ಎಣಿಕೆ ಇದ್ದ ಕಾರಣಕ್ಕೆ. ಕೋವಿಡ್ ಬಂದದ್ದು 2020ರಲ್ಲಿ. ಅದಕ್ಕೆ ಹಿಂದಿನ ಎಣಿಕೆ 2011ರದ್ದು, ಮುಂದಿನದ್ದು 2027ರದ್ದು. ಹದಿನಾರು ವರ್ಷದ ಈ ಅಂತರವನ್ನು ಇನ್ನು ಯಾರೂ ತುಂಬಲಾರರು. ಬರುವ ಎಣಿಕೆಯನ್ನಾದರೂ ತೂತಿಲ್ಲದೆ ಮಾಡೋಣ.

ನಿರ್ದೇಶಕರಲ್ಲಿ ನನ್ನ ವಿನಂತಿಗಳು ಇವು. ಸಂಕ್ರಾಂತಿ ಕಳೆದು, ಎಣಿಕೆ ಶುರುವಾಗುವ ಮೊದಲು, ಜನವರಿ ಎರಡನೇ ಭಾಗದಲ್ಲಿ ಶೆಡ್ಡುಗಳ ಮರುಪಟ್ಟಿಯೊಂದು ಆಗಬೇಕು. ಇದಕ್ಕೆ ಮನೆಮನೆ ಸುತ್ತಬೇಕಿಲ್ಲ. ಕಟ್ಟಡ ಕೆಲಸಕ್ಕೆ ವಿದ್ಯುತ್ ಕಂಪನಿಗಳು ಕೊಟ್ಟ ತಾತ್ಕಾಲಿಕ ಸಂಪರ್ಕಗಳ ಪಟ್ಟಿ, ನಗರಪಾಲಿಕೆಗಳು ಕೊಟ್ಟ ಕಾಮಗಾರಿ ಆರಂಭದ ಪ್ರಮಾಣಪತ್ರಗಳು, ಶೇ 1ರ ಕಾರ್ಮಿಕ ಸೆಸ್ ಕಟ್ಟಿದವರ ಪಟ್ಟಿ, ಇವು ಮೂರನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ನಗರದ ಬಹುತೇಕ ಶೆಡ್ಡು ಸಿಗುತ್ತವೆ. ಸಕ್ಕರೆ ಕಾರ್ಖಾನೆಗಳ ಬಳಿ ಕಬ್ಬು ಕಡಿಯುವ ಗ್ಯಾಂಗುಗಳ ಒಪ್ಪಂದದ ಪಟ್ಟಿ ಇರುತ್ತದೆ. ಇಟ್ಟಿಗೆ ಭಟ್ಟಿಗಳು ಗ್ರಾಮ ಪಂಚಾಯಿತಿಗೆ ಗೊತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಫೆಬ್ರವರಿ ಎಂದರೆ ರೊಬಸ್ಟಾ ಕೊಯ್ಲಿನ ಕಾಲ. ಲೈನ್‌ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೂ ಇರುತ್ತಾರೆ. ಹೀಗೆ ಸಿಕ್ಕ ಪ್ರತಿ ಗುಂಪನ್ನು ಹಳೆಯ ಬ್ಲಾಕಿನ ಬಾಲಕ್ಕೆ ಕಟ್ಟದೆ ಪ್ರತ್ಯೇಕ ಬ್ಲಾಕ್ ಮಾಡಿ. ಬಾಲಕ್ಕೆ ಕಟ್ಟಿದ್ದು ಕೊನೆಯ ದಿನಕ್ಕೆ ಉಳಿಯುತ್ತದೆ, ಕೊನೆಯ ದಿನ ಅವಸರದಲ್ಲಿ ಮುಗಿಯುತ್ತದೆ.

ಗಣತಿದಾರರು ಬಹುಪಾಲು ಶಿಕ್ಷಕರು, ಬರುವುದು ಹಗಲಿನಲ್ಲಿ. ಶೆಡ್ಡಿನವರು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವರು. ಹಗಲು ಹೋದರೆ ಸಿಗುವುದು ಕೂಸು ಆಡಿಸುವ ಎಂಟು ವರ್ಷದ ಹುಡುಗಿ. ಹಾಗಾಗಿ ಈ ಬ್ಲಾಕುಗಳಿಗೆ ಸಂಜೆ ಏಳರ ನಂತರ ಅಥವಾ ರಜೆಯ ದಿನ, ಇಬ್ಬಿಬ್ಬರನ್ನು ಕಳಿಸಿ. ಒಬ್ಬರಿಗಾದರೂ ಲಂಬಾಣಿ, ತೆಲುಗು, ಹಿಂದಿ, ಬಂಗಾಳಿಗಳಲ್ಲಿ ಅಲ್ಲಿಗೆ ಬೇಕಾದ ಭಾಷೆ ಬರಲಿ. ಮೇಸ್ತ್ರಿಯಿಂದ ಲೆಕ್ಕ ಪಡೆಯಬೇಡಿ. ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಕೆಲಸ ಮಾಡುವ ಕಟ್ಟಡದಲ್ಲಿ ಕೂಸಿನ ಮನೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕಟ್ಟಳೆ ಹಾಕಿತ್ತು. ಅಂಥ ಕಟ್ಟಳೆಯಿದ್ದರೆ ಹೆಣ್ಣುಮಕ್ಕಳು ನಲವತ್ತೇ ಎನ್ನಲು ಗುತ್ತಿಗೆದಾರನಿಗೆ ಕಾರಣ ಉಂಟು.

ಪ್ರಶ್ನೆ ಕೇಳುವ ಮಾತೂ ಮುಖ್ಯ. "ನಿಮ್ಮ ಊರು ಯಾವುದು?" ಎಂದು ಶುರುಮಾಡಿದರೆ "ನಮ್ಮ ಹೆಸರು ಊರಾಗ ಬರಸ್ತೀವ್ರಿ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. "ಎಣಿಕೆ ಶುರುವಾದ ದಿನದಿಂದ ಎಷ್ಟು ರಾತ್ರಿ ಇಲ್ಲಿ ಮಲಗಿದ್ದೀರಿ? ನಡುವೆ ಊರಿಗೆ ಹೋಗಿ ಬಂದಿರಾ?" ಎಂದು ಕೇಳಬೇಕು. ಹೋಗಿ ಬಂದಿದ್ದರೆ, ಊರಲ್ಲಿ ಹೆಸರು ಬರೆಸಿದಿರಾ ಎಂಬುದು ಮುಂದಿನ ಪ್ರಶ್ನೆ. ನಂತರ ಇಲ್ಲಿರುವ ಮಕ್ಕಳು, ಊರಲ್ಲಿ ಬಿಟ್ಟುಬಂದ ಮಕ್ಕಳು, ಬೇರೆ ಬೇರೆಯಾಗಿ. ಹೆಸರಿಡದ ಕೂಸನ್ನು "ಹೆಸರಿಟ್ಟಿಲ್ಲ" ಎಂದು ಬಿಟ್ಟುಬಿಡುತ್ತಾರೆ. "ಕೂಸು" ಎಂದೇ ಬರೆದುಕೊಳ್ಳಲಿ. ಒಂದು ಶೆಡ್ಡಿನಲ್ಲಿ ಮೂರು ಒಲೆಯಿದ್ದರೆ ಅದು ಮೂರು ಕುಟುಂಬ.

"ಊರಾಗ ಬರಸ್ತೀವಿ" ಎಂಬ ಮಾತಿನ ಹಿಂದೆ ಹೆದರಿಕೆ ಇದೆ: ಬೆಂಗಳೂರಿನಲ್ಲಿ ಹೆಸರು ಬಂದರೆ ಊರಿನ ರೇಷನ್ ಕಾರ್ಡು, ಪಿಂಚಣಿ, ಮತ ಹೋಗುತ್ತದೆ ಎಂದು. 2025ರ ಸೆಪ್ಟೆಂಬರ್–ಅಕ್ಟೋಬರ್‌ನ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ, ಮತದಾರರ ಪಟ್ಟಿ, ಜನಗಣತಿ, ಎಲ್ಲವೂ ಜನರ ಮನಸ್ಸಿನಲ್ಲಿ ಒಂದೇ ಆಗಿವೆ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಈ ದಾಖಲೆಯನ್ನು ಬೇರೆ ಯಾರೂ ತೆರೆದು ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಇದನ್ನು ಪತ್ರಿಕೆಯ ಜಾಹೀರಾತಿನಲ್ಲಿ ಹೇಳಿದರೆ ಓದುವವರು ಈಗಾಗಲೇ ಗೊತ್ತಿದ್ದವರೇ. ಜನವರಿಯ ಸಂತೆಗಳಲ್ಲಿ, ಕಲ್ಯಾಣ ಕರ್ನಾಟಕದಿಂದ ಹೊರಡುವ ರಾತ್ರಿ ಬಸ್ಸುಗಳ ನಿಲ್ದಾಣಗಳಲ್ಲಿ, ಆ ಸೀಮೆಯ ಮಾತಿನಲ್ಲಿ, ಲಂಬಾಣಿಯಲ್ಲಿ ಕೂಗಿಸಿ.

ಮುಖ್ಯ ಕಾರ್ಯದರ್ಶಿಗಳಿಗೆ: ಜನಗಣತಿ ಒಂದು ರಾತ್ರಿಯ ಚಿತ್ರ. ಏಳು ತಿಂಗಳು ಊರಲ್ಲಿ, ಐದು ತಿಂಗಳು ಶೆಡ್ಡಿನಲ್ಲಿ ಇರುವ ಕುಟುಂಬವನ್ನು ಬೆಂಗಳೂರಿನಲ್ಲಿ ಸರಿಯಾಗಿ ಎಣಿಸಿದರೆ ಯಾದಗಿರಿಯ ಹಳ್ಳಿಯ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ, ನೀರಿನ ಟ್ಯಾಂಕು, ಉಪಕೇಂದ್ರ ಎಲ್ಲಕ್ಕೂ ಕತ್ತರಿ. 2011ರಲ್ಲಿ ಶೇ 51.83ರ ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯಲ್ಲಿದ್ದ ಜಿಲ್ಲೆಗೆ ಹೀಗಾಗಬಾರದು. ಇದನ್ನು ಜನಗಣತಿ ಸರಿಪಡಿಸಲಾರದು, ಅದರ ಹೆಸರುಗಳನ್ನು ನಿಮಗೆ ಕೊಡುವಂತೆಯೂ ಇಲ್ಲ. ರಾಜ್ಯವೇ ಪಂಚಾಯಿತಿ ಮಟ್ಟದಲ್ಲಿ ಗುಳೆ ವಹಿ ಇಡಬೇಕು: ಹೋದ ತಿಂಗಳು, ಹೋದ ಜಾಗ, ಜೊತೆಗೆ ಹೋದ ಆರು ವರ್ಷದೊಳಗಿನ ಮಕ್ಕಳು, ತಾಯಿ ಕಾರ್ಡ್ ಇರುವ ಗರ್ಭಿಣಿಯರು, ಮರಳಿದ ತಿಂಗಳು. ಐದೇ ಕಾಲಂ. ಆಶಾ ಕಾರ್ಯಕರ್ತೆಯರ ತಲೆಯಲ್ಲಿ ಇದು ಈಗಾಗಲೇ ಇದೆ. ಬರೆದಿಡಲು ಪುಸ್ತಕ, ಬರೆದದ್ದಕ್ಕೆ ಗೌರವಧನ ಎರಡೂ ಕೊಡಿ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ 1979ರಲ್ಲೇ ಕಾಯ್ದೆ ಬಂತು. ಸುರಪುರದಿಂದ ಬೆಂಗಳೂರಿಗೆ ಹೋದವರು ರಾಜ್ಯದ ಗಡಿ ದಾಟದ ಕಾರಣ ಅದರೊಳಗೆ ಬರಲಿಲ್ಲ. ಆ ತೂತನ್ನು ಮುಚ್ಚುವ ಅಧಿಕಾರ ಈ ರಾಜ್ಯಕ್ಕಿದೆ.

ಕೊನೆಯದಾಗಿ, 2011ರ ವಲಸೆ ಕೋಷ್ಟಕಗಳು ಹೊರಬರುವ ಹೊತ್ತಿಗೆ 2019 ಆಗಿತ್ತು. ಎಂಟು ವರ್ಷ ಹಳೆಯ ವಲಸೆ ಅಂಕಿ ಇತಿಹಾಸಕಾರರಿಗೆ ಉಪಯೋಗ, ಜಲಮಂಡಳಿಗೆ ಅಲ್ಲ. ಈ ಸಲ ಎಲ್ಲವೂ ಮೊಬೈಲಿನಲ್ಲೇ ದಾಖಲಾಗುತ್ತಿರುವಾಗ ಕರ್ನಾಟಕದ ತಾಲ್ಲೂಕುವಾರು ವಲಸೆ ಕೋಷ್ಟಕಗಳನ್ನು ಎರಡು ವರ್ಷದೊಳಗೆ ಪ್ರಕಟಿಸುವಂತೆ ನಿರ್ದೇಶಕರು ದೆಹಲಿಗೆ ಬರೆಯಬೇಕು; ಎಣಿಕೆಯ ನಂತರದ ಪರಿಶೀಲನಾ ಸಮೀಕ್ಷೆಯಲ್ಲಿ ಶೆಡ್ಡು ಬ್ಲಾಕುಗಳನ್ನೂ ಮಾದರಿಗೆ ಸೇರಿಸಬೇಕು.

ಜನವರಿಯ ಮರುಪಟ್ಟಿಗೆ ವಿದ್ಯುತ್ ಕಂಪನಿ, ನಗರಪಾಲಿಕೆ, ಕಾರ್ಮಿಕ ಇಲಾಖೆಗಳಿಂದ ಪಟ್ಟಿ ತರಿಸಲು ಕನಿಷ್ಠ ಒಂದು ತಿಂಗಳು ಬೇಕು. ಆದ್ದರಿಂದ ಇದರ ಆದೇಶ ಡಿಸೆಂಬರ್ ಮೊದಲ ವಾರದೊಳಗೆ ಹೊರಬೀಳಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಜನಸಂಖ್ಯಾ ಅಧ್ಯಯನದ ಒಬ್ಬ ವಿದ್ಯಾರ್ಥಿ